ಊಟದ ಮೇಜಿನ ಕಂಪ್ಯೂಟರು

ಭಾನುವಾರ ಮಧ್ಯಾಹ್ನ ಹನ್ನೆರಡೂವರೆ. ಮನೆಯ ನಾಲ್ಕೂ ಜನ ಊಟದ ಮೇಜಿನ ಸುತ್ತ ನಿಂತಿದ್ದರು, ಆದರೆ ಮೇಜಿನ ಮೇಲೆ ಊಟವಿರಲಿಲ್ಲ. ಮೊಣಕಾಲೆತ್ತರದ ಕಪ್ಪು ಡಬ್ಬವೊಂದು ಗತ್ತಿನಿಂದ ಕೂತಿತ್ತು. ಪಕ್ಕದಲ್ಲಿ ಹೊಸ ಪರದೆ, ಹೊಸ ಕೀಬೋರ್ಡು. ಬಿಡಿಭಾಗಗಳನ್ನು ಒಂದೊಂದಾಗಿ ತರಿಸಿಕೊಂಡು, ಎರಡು ದಿನ ಕೂತು ತಾತ ಮೊಮ್ಮಗಳು ಸೇರಿ ಮನೆಯಲ್ಲೇ ಜೋಡಿಸಿದ ಕಂಪ್ಯೂಟರು ಅದು.

"ಒತ್ತಮ್ಮ," ಎಂದರು ಮಾವ, ಸೊಸೆಯ ಕಡೆ ನೋಡಿ. "ನಿನ್ನ ಕೆಲಸಕ್ಕೆ ಬಂದಿರೋದು, ನಿನ್ನ ಕೈಯಿಂದಲೇ ಶುರುವಾಗಲಿ."

ಅವಳು ಸೆರಗಿಗೆ ಬೆರಳು ಒರೆಸಿಕೊಂಡು ಗುಂಡಿ ಒತ್ತಿದಳು. ಒಳಗೆ ಫ್ಯಾನು ಕಾಲು ಸುತ್ತು ತಿರುಗಿತು. 'ಟಕ್' ಅಂತ ಒಂದು ಸದ್ದು. ಫ್ಯಾನು ನಿಂತಿತು.

ಎಲ್ಲರೂ ಕಾದರು.

"ಆಯ್ತಾ?" ಎಂದ ಗಂಡ.

"ಏನು ಆಯ್ತಾ?"

"ಶುರು ಆಯ್ತಾ ಅಂತ ಕೇಳಿದೆ."

"ಶುರುನೂ ಆಯ್ತು, ಮುಗಿದೂ ಹೋಯ್ತು," ಎಂದಳು ಮಗಳು, ಗುಂಡಿಯನ್ನು ತಾನೂ ಒಮ್ಮೆ ಒತ್ತಿ. ಮತ್ತೆ ಕಾಲು ಸುತ್ತು, ಮತ್ತೆ ಟಕ್.

ಮಗಳಿಗೆ ಮನೆಯಲ್ಲಿ ಮೆಣಸು ಅಂತ ಹೆಸರು. ಹದಿನೇಳು ವರ್ಷ, ಬಾಯಿ ಮಾತ್ರ ನಲವತ್ತರದ್ದು. ಅವಳ ಅಮ್ಮನನ್ನು ಓಣಿಯವರೆಲ್ಲ ಕಸೂತಿಯಕ್ಕ ಎನ್ನುತ್ತಿದ್ದರು. ನಾವೂ ಹಾಗೇ ಅನ್ನೋಣ. ಹದಿನೆಂಟು ವರ್ಷ ಒಂದು ಕಾರ್ಖಾನೆಯಲ್ಲಿ ಕಸೂತಿ ಯಂತ್ರಗಳ ಸಾಲಿನ ಮುಂದೆ ನಿಂತು, ಎಲ್ಲಿ ದಾರ ಕಡಿಯಿತು, ಎಲ್ಲಿ ಸೂಜಿ ಮುರಿಯಿತು ಅಂತ ಓಡಾಡಿದವಳು. ಸಂಜೆಯಾದರೆ ಪಾದ ಊದಿಕೊಂಡು ಚಪ್ಪಲಿ ಹತ್ತುತ್ತಿರಲಿಲ್ಲ. ಹೋದ ತಿಂಗಳು ಡಾಕ್ಟರು, "ಇನ್ನು ನಿಲ್ಲೋ ಕೆಲಸ ಸಾಕು," ಅಂದರು. ಕಾರ್ಖಾನೆಯ ಮೇಡಂ ಕೆಟ್ಟವರಲ್ಲ. "ಯಂತ್ರಕ್ಕೆ ಎಲ್ಲಿ ಚುಚ್ಚಬೇಕು, ಎಲ್ಲಿ ದಾರ ಬದಲಿಸಬೇಕು ಅಂತ ಹೇಳಿಕೊಡೋ ಫೈಲ್ ಮಾಡ್ತಾರಲ್ಲ, ಅದನ್ನ ನೀನೇ ಯಾಕೆ ಮನೇಲಿ ಕೂತು ಮಾಡಬಾರದು? ಒಂದು ಆಸ್ಪತ್ರೆಯಿಂದ ಆರ್ಡರ್ ಬಂದಿದೆ. ಹನ್ನೆರಡು ವಿಭಾಗ, ಹನ್ನೆರಡು ಬ್ಯಾಡ್ಜು. ತಿಂಗಳ ಕೊನೆಗೆ ಹನ್ನೆರಡೂ ಕೊಟ್ಟರೆ ಇನ್ಮೇಲೆ ಆ ಕೆಲಸ ನಿಂದೇ. ಕೊಡೋಕಾಗದಿದ್ರೆ ಒಂದನೇ ತಾರೀಕು ಬಂದು ನಿನ್ನ ಜಾಗದಲ್ಲಿ ನಿಲ್ಲು. ಅಲ್ಲೀತನಕ ಆ ಜಾಗಕ್ಕೆ ಯಾರನ್ನೂ ತಗೊಳ್ಳಲ್ಲ," ಅಂದಿದ್ದರು.

ಮನೆಯ ಹಳೇ ಲ್ಯಾಪ್‌ಟಾಪಿಗೆ ಆ ಕೆಲಸದ ಸಾಫ್ಟ್‌ವೇರು ಹಾಕಿದರೆ ಅದು ಉಬ್ಬಸ ಬಂದವರ ಹಾಗೆ ಏದುಸಿರು ಬಿಟ್ಟು ಮಲಗಿಬಿಡುತ್ತಿತ್ತು. ಹಾಗಾಗಿ ಈ ಕಪ್ಪು ಡಬ್ಬ.

"ನಾನು ಮೊದಲೇ ಬಡ್ಕೊಂಡೆ, ಅಂಗಡೀಲಿ ರೆಡಿ ಇರೋದನ್ನ ತಗೊಳ್ಳೋಣ ಅಂತ," ಎಂದ ಗಂಡ. ಬೇಕರಿಯಲ್ಲಿ ಒಲೆಯ ಕೆಲಸ ಅವನದು. ಭಾನುವಾರವೂ ಹುಬ್ಬಿನಲ್ಲಿ ಮೈದಾ ಇರುತ್ತಿತ್ತು. "ಬ್ರೆಡ್ ಬೇಕು ಅಂದ್ರೆ ಯಾರಾದ್ರೂ ಗೋಧಿ ಬಿತ್ತುತ್ತಾರಾ?"

"ರೆಡಿ ಇರೋದಕ್ಕೆ ಇದರ ಅರ್ಧ ಶಕ್ತಿನೂ ಇರಲ್ಲ ಅಪ್ಪ," ಎಂದಳು ಮೆಣಸು.

"ಇದಕ್ಕೆ ಎಷ್ಟಿದೆ? ಕಾಲು ಸುತ್ತು!"

ಮಾವ ಡಬ್ಬದ ಹತ್ತಿರ ಬಂದರು. ಬಟ್ಟೆ ಗಿರಣಿಯಲ್ಲಿ ಮೂವತ್ತೊಂದು ವರ್ಷ ಮಗ್ಗಗಳ ಫಿಟ್ಟರ್ ಆಗಿದ್ದವರು. ಡಬ್ಬದ ಮೇಲೆ ಕೈಯಿಟ್ಟು, ಕುದುರೆಯ ಮೈ ಸವರಿದ ಹಾಗೆ ಸವರಿ, "ಎಲ್ಲೋ ಒಂದು ಸ್ಕ್ರೂ ಸಡಿಲ ಇದೆ," ಎಂದರು.

ಅವತ್ತು ಮಧ್ಯಾಹ್ನದ ಊಟ ಮೂರು ಗಂಟೆಗಾಯಿತು, ಅನ್ನ ತಣ್ಣಗಾಗಿತ್ತು.

ಸೋಮವಾರದಿಂದ ಮನೆಯಲ್ಲಿ ಬೇರೆ ಮಾತಿಲ್ಲ. ಮೆಣಸು ಕಾಲೇಜಿಂದ ಬಂದವಳೇ ಚೀಲ ಬಿಸಾಡಿ ಡಬ್ಬ ಬಿಚ್ಚುವಳು. ರ್‍ಯಾಮ್ ಅನ್ನುವ ಎರಡು ನೆನಪಿನ ಪಟ್ಟಿ ಕಿತ್ತು, ರಬ್ಬರಿನಿಂದ ಅವುಗಳ ಹಲ್ಲು ಉಜ್ಜಿ, ಪಕ್ಕದ ಸೀಳಿಗೆ ಹಾಕುವಳು. ಕಾಲು ಸುತ್ತು, ಟಕ್. ಎರಡರಲ್ಲಿ ಒಂದನ್ನೇ ಹಾಕುವಳು. ಕಾಲು ಸುತ್ತು, ಟಕ್. ಎಲ್ಲ ವೈರುಗಳನ್ನೂ ಕಿತ್ತು ಮತ್ತೆ ಚುಚ್ಚುವಳು. ತಾತ ಟಾರ್ಚ್ ಹಿಡಿದು ನಿಲ್ಲುವರು.

"ಇದೇನು ದೊಡ್ಡ ಹಲಗೆ?"

"ಮದರ್‌ಬೋರ್ಡ್ ತಾತ. ಎಷ್ಟು ಸಲ ಹೇಳ್ಲಿ. ಎಲ್ಲಾ ಇದರ ಮೇಲೇ ಕೂರೋದು."

"ಅಂದ್ರೆ ನಿಮ್ಮಮ್ಮ."

"ಹೂಂ, ಅಮ್ಮನೇ. ಸ್ವಲ್ಪ ಆ ಕಡೆ ಬೆಳಕು ಹಿಡಿ."

ಮಂಗಳವಾರ ಸಂಜೆ ಬೇಸತ್ತು ಮೆಣಸು ಆ ಹಲಗೆಯನ್ನೇ ಡಬ್ಬದಿಂದ ಹೊರಗೆ ತೆಗೆದು, ಊಟದ ಮೇಜಿನ ಮೇಲೆ ಒಂದು ರಟ್ಟಿನ ಮೇಲಿಟ್ಟಳು. ಡಬ್ಬದ ಗುಂಡಿ ಈಗ ಇದಕ್ಕೆ ತಾಗಿಲ್ಲವಾದ್ದರಿಂದ, ಹಲಗೆಯ ಅಂಚಿನ ಎರಡು ಪುಟ್ಟ ಕಡ್ಡಿಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಒಟ್ಟಿಗೆ ಮುಟ್ಟಿದಳು.

ಫ್ಯಾನು ತಿರುಗಿತು. ತಿರುಗುತ್ತಲೇ ಇತ್ತು. ಪರದೆ ಬೆಳಗಿತು.

"ಅಮ್ಮಾ! ಬಂತು! ಅಮ್ಮಾ!"

ಕಸೂತಿಯಕ್ಕ ಈರುಳ್ಳಿ ಹೆಚ್ಚುತ್ತಿದ್ದ ಚಾಕು ಹಿಡಿದೇ ಓಡಿ ಬಂದಳು. ಕಣ್ಣಲ್ಲಿ ನೀರು. ಈರುಳ್ಳಿಯದೋ ಸಂತೋಷದ್ದೋ ಅಂತ ಅವಳನ್ನು ಕೇಳಿದರೆ ಅವಳೂ ಹೇಳುತ್ತಿರಲಿಲ್ಲ. ಮಾವ ಚಪ್ಪಾಳೆ ತಟ್ಟಿದರು.

"ಹಾಗಾದ್ರೆ ಇನ್ನು ಡಬ್ಬದೊಳಗೆ ಕೂರಿಸೋಣ. ಬಿಗಿಯಾಗಿ."

ಕೂರಿಸಿದರು. ಒಂದೊಂದು ಸ್ಕ್ರೂವನ್ನೂ ಮಾವ ಉಸಿರು ಹಿಡಿದು ಬಿಗಿದರು. ಗುಂಡಿ ಒತ್ತಿದರು. ಕಾಲು ಸುತ್ತು. ಟಕ್.

ಮತ್ತೆ ಹೊರಗೆ ತೆಗೆದರು, ಜೀವ ಬಂತು. ಒಳಗೆ ಹಾಕಿದರು, ಹೋಯಿತು. ಬುಧವಾರವೂ ಅದೇ. ಗುರುವಾರ ಇನ್ನೊಂದು ವಿಚಿತ್ರ. ಡಬ್ಬ ಅಡ್ಡ ಮಲಗಿತ್ತು, ಮೆಣಸು ಬರೀ ಎರಡು ಸ್ಕ್ರೂ ಹಾಕಿ ಗುಂಡಿ ಒತ್ತಿ ನೋಡಿದಳು. ಡಬ್ಬದೊಳಗೇ ಹತ್ತು ನಿಮಿಷ ನಡೆಯಿತು! ತಾತ ಮಿಕ್ಕ ಸ್ಕ್ರೂಗಳನ್ನು ಬಿಗಿದು ಡಬ್ಬವನ್ನು ನಿಲ್ಲಿಸಿದರು. ಟಕ್.

"ಇದಕ್ಕೆ ಮಲಗೋದು ಇಷ್ಟ, ನಿಲ್ಲೋದು ಕಷ್ಟ," ಎಂದರು ಮಾವ. "ನಿಮ್ಮಮ್ಮನ ಕಾಲಿನ ಹಾಗೆ."

ಶುಕ್ರವಾರ ಇಡೀ ದಿನ ಅದನ್ನು ಮಲಗಿಸಿಟ್ಟು ನೋಡಿದರು. ಮಲಗಿದರೂ ಟಕ್.

"ಹೊರಗಿದ್ರೆ ಸರಿ, ಒಳಗಿದ್ರೆ ಇಲ್ಲ. ಮಲಗಿದ್ರೆ ಒಂದ್ಸಲ ಸರಿ, ಇನ್ನೊಂದ್ಸಲ ಇಲ್ಲ," ಎಂದು ಮೆಣಸು ಬೆರಳು ಮಡಚುತ್ತಾ ಕೂತಳು. "ಏನಮ್ಮ ಇದು? ಅರ್ಥ ಇದೆಯಾ ಇದಕ್ಕೆ?"

"ನನಗೆ ಸೂಜಿ ದಾರ ಬಿಟ್ರೆ ಏನು ಗೊತ್ತು? ಅಂಗಡಿಗೆ ತಗೊಂಡು ಹೋಗೋಣ."

ಶನಿವಾರ ಬಿಡಿಭಾಗ ಮಾರಿದ ಅಂಗಡಿಗೆ ಗಂಡನನ್ನು ಬಿಟ್ಟು ಮೂವರೂ ಹೋದರು. ಅಂಗಡಿಯವನು ಡಬ್ಬ ಬಿಚ್ಚಿ, ಹಲಗೆ ಹೊರತೆಗೆದು, ತನ್ನ ರಬ್ಬರು ಹಾಸಿನ ಮೇಲಿಟ್ಟು ಎರಡು ಕಡ್ಡಿ ಮುಟ್ಟಿಸಿದ. ಫ್ಯಾನು ಸುಯ್ ಎಂದು ತಿರುಗಿತು.

"ಚೆನ್ನಾಗೇ ಇದೆಯಲ್ಲ ಅಕ್ಕ. ನನ್ನ ಹತ್ರ ಬಂದ್ರೆ ಹುಷಾರು, ನಿಮ್ಮನೆಗೆ ಹೋದ್ರೆ ಜ್ವರ ಅಂದ್ರೆ ನಾನೇನು ಮಾಡ್ಲಿ? ನಿಮ್ಮನೆ ಕರೆಂಟ್ ಸರಿ ಇಲ್ವೇನೋ."

"ನಮ್ಮನೇಲೂ ಹೊರಗಿಟ್ರೆ ನಡೆಯುತ್ತೆ," ಎಂದಳು ಮೆಣಸು. "ಒಳಗಿಟ್ರೆ ಮಾತ್ರ."

"ಹಾಗಿದ್ರೆ ಇಲ್ಲೇ ಬಿಟ್ಟು ಹೋಗಿ. ಸೋಮವಾರ ನಾನೇ ಡಬ್ಬದಲ್ಲಿ ಕೂರಿಸಿ ಕೊಡ್ತೀನಿ."

ಮಾವನ ಮುಖ ಬಿಗಿಯಿತು. "ಕೂರಿಸೋದು ನಮಗೆ ಗೊತ್ತು. ನೀನು ಹುಟ್ಟೋಕೆ ಮುಂಚೆಯಿಂದ ನಾನು ಯಂತ್ರ ಕೂರಿಸ್ತಾ ಇದ್ದೀನಿ. ಮೆಣಸೂ, ಎತ್ತಿಕೊಳ್ಳೇ."

"ಮಾವ, ಅವರು ಹೇಳ್ತಿದ್ದಾರಲ್ಲ, ಒಂದ್ಸಲ..." ಎಂದಳು ಕಸೂತಿಯಕ್ಕ.

"ಏನಮ್ಮ, ನಿನಗೂ ನನ್ನ ಕೈ ಮೇಲೆ ನಂಬಿಕೆ ಹೋಯ್ತಾ?"

ಅಂಗಡಿಯಲ್ಲಿ ಆರು ಜನ ಗಿರಾಕಿಗಳು ನೋಡುತ್ತಿದ್ದರು. ಅವಳು ಡಬ್ಬದ ಒಂದು ಬದಿ ಹಿಡಿದಳು.

ಹೀಗೆ ಒಂದು ವಾರ ಕರಗಿತು, ಒಂದು ಬ್ಯಾಡ್ಜೂ ಆಗಿರಲಿಲ್ಲ. ಆಗ ಕಸೂತಿಯಕ್ಕ ಒಂದು ತೀರ್ಮಾನ ಮಾಡಿದಳು.

"ಡಬ್ಬದ ಆಸೆ ಬಿಡೋಣ. ಹೊರಗಿಟ್ರೆ ನಡೆಯುತ್ತಲ್ಲ, ಹೊರಗೇ ಇರಲಿ. ನಾನು ಕೆಲಸ ಮಾಡ್ತೀನಿ."

ಮನೆಯಲ್ಲಿರುವುದು ಒಂದೇ ಮೇಜು. ಅರ್ಧಕ್ಕೆ ಊಟ, ಅರ್ಧಕ್ಕೆ ಕಂಪ್ಯೂಟರು ಅಂತ ಭಾಗವಾಯಿತು. ರಟ್ಟಿನ ಮೇಲೆ ಆ ಹಸಿರು ಹಲಗೆ, ಅದರ ಮೇಲೆ ತಿರುಗುವ ಫ್ಯಾನು, ಪಕ್ಕದಲ್ಲಿ ಇಟ್ಟಿಗೆಯಷ್ಟು ದಪ್ಪದ ಪವರ್ ಸಪ್ಲೈ, ಅದರ ಬಾಯಿಂದ ಹೊರಬಿದ್ದ ವೈರುಗಳ ಗೋಜಲು. ಕಸೂತಿಯಕ್ಕ ತನ್ನ ಕಸೂತಿ ಕತ್ತರಿಯ ಚೂಪು ತುದಿಯಿಂದಲೇ ಆ ಎರಡು ಕಡ್ಡಿ ಮುಟ್ಟಿಸಿ ಶುರು ಮಾಡುವುದನ್ನು ಕಲಿತಳು. ಮೊದಮೊದಲು ಕಣ್ಣು ಮುಚ್ಚಿಕೊಂಡು ಮುಟ್ಟಿಸುತ್ತಿದ್ದಳು. ಆಮೇಲೆ ಫೋನಿನಲ್ಲಿ ಮಾತಾಡುತ್ತಲೇ ಮುಟ್ಟಿಸಿದಳು.

ಕೆಲಸ ಕೈಗೆ ಹತ್ತಿತು. ಹಲ್ಲು, ಕಣ್ಣು, ಮೂಳೆ ಮುಗಿದವು. ಮಾವ ಹಿಂದೆ ನಿಂತು ನೋಡುತ್ತಿದ್ದರು.

"ಇದೇನಮ್ಮ, ಹುರುಳಿಕಾಯಿನಾ?"

"ಕಿಡ್ನಿ, ಮಾವ."

"ಹುರುಳಿಕಾಯಿ ಹಾಗೇ ಇದೆ. ಸ್ವಲ್ಪ ಊದಿಸು. ಇಲ್ಲದಿದ್ರೆ ಜನ ಅಡಿಗೆ ಮನೆ ವಿಭಾಗ ಅಂದ್ಕೋತಾರೆ."

ಆದರೆ ಮನೆಯೊಳಗೆ ಓಡಾಟ ಕಷ್ಟವಾಯಿತು. ಸೂಪಿನ ಪಾತ್ರೆ ಮೇಜಿಗೆ ಬರುವ ಹಾಗಿಲ್ಲ, ಹಬೆ ತಾಗುತ್ತೆ. ನೀರಿನ ಲೋಟ ಕಿಟಕಿಯ ಕಟ್ಟೆಯ ಮೇಲೆ. ಬ್ರೆಡ್ ಕತ್ತರಿಸಿದರೆ ಪುಡಿ ಹಾರುತ್ತೆ ಅಂತ ಬಾಗಿಲ ಬಳಿ ನಿಂತು ಕತ್ತರಿಸಬೇಕು. ಬೆಳಗಾಗುವ ಮೊದಲೇ ಬೇಕರಿಗೆ ಹೋಗಿ ಮಧ್ಯಾಹ್ನ ಎರಡಕ್ಕೆ ಹಸಿದು ಬರುವ ಮನುಷ್ಯನಿಗೆ ಇದೆಲ್ಲ ಎಷ್ಟು ದಿನ ಚಂದ?

"ಇದು ಮನೆನಾ, ಆಪರೇಷನ್ ಥಿಯೇಟರಾ? ಹೊಟ್ಟೆ ಬಗೆದು ಮಲಗಿಸಿದ್ದೀರಲ್ಲ. ನೋಡ್ತಾ ಊಟ ಹೇಗೆ ಇಳಿಯುತ್ತೆ?"

"ಇನ್ನೊಂದು ವಾರ ರೀ. ಆಮೇಲೆ ಏನಾದ್ರೂ ಮಾಡೋಣ."

"ನೀನು ಹೇಳೋದು ವಾರ. ಅದು ಹೇಳೋದು ಟಕ್."

ಏಟು ಬಿದ್ದದ್ದು ಎರಡನೆಯ ವಾರದ ಬುಧವಾರ. ಕಸೂತಿಯಕ್ಕ ಬೆಳಿಗ್ಗೆಯಿಂದ ಒಂಬತ್ತನೆಯ ಬ್ಯಾಡ್ಜಿನ ಮೇಲೆ ಕೂತಿದ್ದಳು. ಹೃದಯ. ಕೆಂಪಿನಲ್ಲೇ ಮೂರು ಬಣ್ಣದ ದಾರ, ಒಂದರ ಮೇಲೊಂದು ಹತ್ತುವ ಹೊಲಿಗೆ. ಎಲ್ಲರೂ ಊಟಕ್ಕೆ ಕೂತಾಗಲೂ ಎಡಗೈಯಲ್ಲಿ ತುತ್ತು, ಬಲಗೈಯಲ್ಲಿ ಮೌಸು. ಗಂಡ ಆಲೂಗಡ್ಡೆ ಬಡಿಸಿಕೊಂಡು ದೊಡ್ಡ ಸ್ಟೀಲಿನ ಚಮಚವನ್ನು ಪಾತ್ರೆಯ ಅಂಚಿಗಿಟ್ಟ. ಅದು ಜಾರಿ ಮೇಜಿನ ಮೇಲೆ ಬಿತ್ತು. ಅದೇ ಹೊತ್ತಿಗೆ ಮೌಸಿನ ವೈರು ಎಳೆದು ಹಲಗೆ ರಟ್ಟಿನಿಂದ ಅರ್ಧ ಜಾರಿ ಚಮಚದ ಮೇಲೆ ಕೂತಿತು.

ಟಕ್. ಪರದೆ ಕಪ್ಪಾಯಿತು.

"ಹೃದಯ!" ಎಂದು ಚೀರಿದಳು ಕಸೂತಿಯಕ್ಕ.

ಗಂಡ ಗಾಬರಿಬಿದ್ದು ಅವಳ ಎದೆಯ ಕಡೆ ನೋಡಿದ. "ಏನಾಯ್ತೇ? ನೋವಾ?"

"ಬ್ಯಾಡ್ಜು ರೀ! ಬೆಳಿಗ್ಗೆಯಿಂದ ಮಾಡಿದ್ದು! ಸೇವ್ ಮಾಡಿರಲಿಲ್ಲ!"

ಮೆಣಸು ಹಲಗೆ ಎತ್ತಿ ಚಮಚ ತೆಗೆದಳು. "ಅಪ್ಪ, ನಿನಗೆ ಚಮಚ ಇಡೋಕೆ ಬೇರೆ ಜಾಗ ಸಿಗಲಿಲ್ವಾ?"

"ಚಮಚ ಊಟದ ಮೇಜಿನ ಮೇಲಿಡದೆ ಇನ್ನೆಲ್ಲಿ, ಕಿವಿಯಲ್ಲಿ ಸಿಕ್ಕಿಸಿಕೊಳ್ಳಲಾ? ನೆಟ್ಟಗೆ ಡಬ್ಬದಲ್ಲಿ ಕೂರಿಸೋಕೆ ಬಂದಿದ್ರೆ ಇದೆಲ್ಲ ಆಗ್ತಿತ್ತಾ? ಫೋನಲ್ಲಿ ಎರಡು ವಿಡಿಯೋ ನೋಡಿ ಇಂಜಿನಿಯರ್ ಆಗಿಬಿಟ್ಟೆ! ನಿನ್ನ ಆಟಕ್ಕೆ ನಿಮ್ಮಮ್ಮ ಮತ್ತೆ ಹೋಗಿ ನಿಲ್ಲಬೇಕು ಈಗ!"

"ನಾನೇನು ತಪ್ಪು ಮಾಡಿದೆ? ನಾನು ಎರಡು ಸ್ಕ್ರೂ ಹಾಕಿದಾಗ ನಡೀತಿತ್ತು. ತಾತ ಬಿಗಿ ಮಾಡಿದ ಮೇಲೇ ಸಾಯೋದು, ಪ್ರತೀ ಸಲ! ತಾತನ ಕೈ ನಡುಗುತ್ತೆ, ಎಲ್ಲೋ ಏನೋ ಒತ್ತಿ ಹಾಳಾಗಿದೆ!"

ಹೇಳಿದ ಮೇಲೆ ಅವಳಿಗೇ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು. ಮಾವ ತಟ್ಟೆಯಲ್ಲಿದ್ದ ಕೊನೆಯ ತುಂಡು ಬ್ರೆಡ್ ತಿಂದರು, ಕೈ ತೊಳೆದರು, ಕಿಟಕಿಯ ಬಳಿ ಇದ್ದ ತಮ್ಮ ಸಲಕರಣೆ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿ, ಗೋಡೆಯ ಕಡೆ ತಿರುಗಿ ಮಲಗಿದರು.

"ಮಾವ, ಹುಡುಗಿ ಏನೋ ಬಾಯಿ ತಪ್ಪಿ..."

"ಇಲ್ಲಮ್ಮ. ನಡುಗೋದು ನಿಜ."

ಆ ದಿನದಿಂದ ಮನೆಯೊಳಗೆ ಮೂವರ ಮಧ್ಯೆ ಮಾತು ನಿಂತಿತು. ಮೆಣಸು ಅಡಿಗೆಮನೆಯಲ್ಲೇ ನಿಂತು ಬ್ರೆಡ್ ತಿಂದು ಕಾಲೇಜಿಗೆ ಹೋಗುವಳು. ಮಾವ ಒಂದೇ ಪೇಪರನ್ನು ಹಿಂದು ಮುಂದು ಮೂರು ಸಲ ಓದುವರು. ಗಂಡ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಮೆಟ್ಟಿಲಲ್ಲಿ ಉಣ್ಣುವನು. ಮೂವರ ಮಾತೂ ಕಸೂತಿಯಕ್ಕನ ಮೂಲಕವೇ ಹೋಗಬೇಕು. "ಅಪ್ಪನಿಗೆ ಹೇಳು, ಔಷಧಿ ತಂದಿದ್ದೀನಿ." "ನಿನ್ನ ಗಂಡನಿಗೆ ಹೇಳು, ನೋಡಿದೆ." "ಅಮ್ಮ, ತಾತನಿಗೆ ಹೇಳು, ನಾನು ಹಾಗಂದಿದ್ದಲ್ಲ." "ನೀನೇ ಹೇಳೇ." "ನನ್ನ ಕೈಲಿ ಆಗಲ್ಲ."

ಹೃದಯವನ್ನು ಅವಳು ಮತ್ತೆ ಮೊದಲಿನಿಂದ ಮಾಡಿದಳು. ಆದರೆ ಈಗ ಕಂಪ್ಯೂಟರು ಮೇಜಿನ ಮೇಲೂ ಹಟ ಶುರು ಮಾಡಿತ್ತು. ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ಯಾವುದೋ ವೈರು ಅಲುಗಿ ಆರಿಹೋಗುವುದು. ಒಂದು ದಿನಕ್ಕೆ ಆಗುವ ಕೆಲಸ ಎರಡು ದಿನ ಹಿಡಿಯಿತು. ಸೋಮವಾರ ಬೆಳಿಗ್ಗೆ ಮೇಡಂ ಫೋನು ಮಾಡಿದರು.

"ಎಷ್ಟಾಯ್ತು?"

"ಒಂಬತ್ತು, ಮೇಡಂ."

"ಇನ್ನು ಮೂರು ದಿನ. ನಿನ್ನ ಜಾಗಕ್ಕೆ ಇಬ್ಬರು ಬಂದು ಕೇಳ್ತಿದ್ದಾರೆ, ನಿನಗೋಸ್ಕರ ಖಾಲಿ ಇಟ್ಟಿದ್ದೀನಿ. ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಮ್ಮ, ಬೇಜಾರಿಲ್ಲ. ಗುರುವಾರ ಬಂದು ನಿಂತ್ಕೋ."

"ಇಲ್ಲ ಮೇಡಂ, ಆಗುತ್ತೆ," ಎಂದಳು. ಫೋನಿಟ್ಟು ನೋಡಿದರೆ ಪರದೆ ಕಪ್ಪಾಗಿತ್ತು.

ಮನೆಯಲ್ಲಿ ಅವಳೂ ಮಾವನೂ ಇಬ್ಬರೇ. ಅವಳು ಹಲಗೆ ಎತ್ತಿ ಅಡಿಯಲ್ಲಿದ್ದ ಬ್ರೆಡ್ ಪುಡಿ ಒರೆಸತೊಡಗಿದಳು. ಕತ್ತರಿಯಿಂದ ಶುರು ಮಾಡುವ ಮುನ್ನ ಚಮಚ ಗಿಮಚ ಏನೂ ಕೆಳಗೆ ಇಲ್ಲ ತಾನೇ ಅಂತ ರಟ್ಟು ಎತ್ತಿ ನೋಡುವುದು ಬುಧವಾರದಿಂದ ಅವಳಿಗೆ ಅಭ್ಯಾಸವಾಗಿತ್ತು. ರಟ್ಟು ಎತ್ತಿದ ಕೈ ಹಾಗೇ ನಿಂತಿತು.

ಚಮಚ ಬಿದ್ದಾಗಲೂ ಟಕ್ ಅಂದಿತ್ತು. ವೈರು ಅಲುಗಿದಾಗ ಆ ಸದ್ದಿಲ್ಲ, ಸುಮ್ಮನೆ ಆರುತ್ತೆ ಅಷ್ಟೆ. ಟಕ್ ಅನ್ನೋದು ಡಬ್ಬದೊಳಗೆ. ಮತ್ತೆ ಚಮಚದ ಮೇಲೆ.

ಡಬ್ಬದಲ್ಲಿ ಚಮಚ ಎಲ್ಲಿದೆ?

ಅವಳು ಹಲಗೆಯನ್ನು ಮಗುಚಿದಳು. ಹದಿನೆಂಟು ವರ್ಷ ಕಾರ್ಖಾನೆಯಲ್ಲಿ ಅವಳು ಮಾಡಿದ್ದು ಅದನ್ನೇ. ಬ್ಯಾಡ್ಜಿನ ಮುಂಭಾಗ ಯಾರು ಬೇಕಾದರೂ ನೋಡುತ್ತಾರೆ. ಕೆಲಸ ಬಲ್ಲವಳು ಮಗುಚಿ ಹಿಂಭಾಗ ನೋಡುತ್ತಾಳೆ, ಗಂಟು ಎಲ್ಲಿ ಬಿದ್ದಿದೆ ಅಂತ. ಇಷ್ಟು ದಿನ ಇಷ್ಟು ಜನ ಈ ಹಲಗೆಯ ಮುಖವನ್ನೇ ನೋಡಿದ್ದರು. ಹಿಂಭಾಗದ ತುಂಬ ಬೆಸುಗೆಯ ಚುಕ್ಕಿಗಳು, ಸ್ಕ್ರೂ ಹೋಗುವ ಎಂಟು ತೂತುಗಳು. ಮತ್ತೆ ಒಂದು ಕಡೆ, ತೂತೇ ಇಲ್ಲದಲ್ಲಿ, ಕಡಲೆಕಾಳಿನಷ್ಟು ಗುಂಡಗೆ ಉಜ್ಜಿದ ಗುರುತು.

ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಡಬ್ಬವನ್ನು ಎಳೆದು ತಂದಳು. ಹಲಗೆ ಕೂರುವ ತಗಡಿನ ಮೇಲೆ, ಹಲಗೆ ತಗಡಿಗೆ ತಾಗದ ಹಾಗೆ ಎತ್ತಿ ಹಿಡಿಯುವ ಹಿತ್ತಾಳೆಯ ಪುಟ್ಟ ಗೂಟಗಳು. ಒಂದೊಂದರ ಮೇಲೂ ಬೆರಳಿಟ್ಟು ಎಣಿಸಿದಳು. ಒಂಬತ್ತು. ಮತ್ತೆ ಎಣಿಸಿದಳು. ಒಂಬತ್ತೇ.

ಒಂದನ್ನು ಬಿಚ್ಚಲು ನೋಡಿದಳು. ಬೆರಳಿಂದ ಆಗಲಿಲ್ಲ. ಒಲೆಯ ಇಕ್ಕಳ ತಂದು ಹಿಡಿದಳು, ಜಾರಿತು. ಮಾವ ಬಿಗಿದದ್ದು.

"ಮಾವ, ಒಂದು ನಿಮಿಷ ಬರ್ತೀರಾ?"

"ನನ್ನ ಕೈ ನಡುಗುತ್ತೆ ಕಣಮ್ಮ," ಎಂದರು ಗೋಡೆಗೆ.

"ನಡುಗಲಿ. ಇದನ್ನ ಬಿಚ್ಚೋಕೆ ನನ್ನ ಕೈಲಿ ಆಗ್ತಿಲ್ಲ. ಆನೆ ಕಟ್ಟೋ ಹಾಗೆ ಬಿಗಿದಿದ್ದೀರಿ."

ಮಾವ ಎದ್ದರು, ಕನ್ನಡಕ ಹುಡುಕಿದರು, ಬಂದರು. ಹಲಗೆಯನ್ನು ಗೂಟಗಳ ಮೇಲೆ ಕೂರಿಸಿ, ಸೂಜಿಯ ಮೊನೆಯಿಂದ ಎಂಟು ತೂತುಗಳನ್ನು ಒಂದೊಂದಾಗಿ ತೋರಿಸಿದಳು. ಆಮೇಲೆ ಹಲಗೆ ಎತ್ತಿ, ಒಂಟಿಯಾಗಿ ಉಳಿದ ಗೂಟ ತೋರಿಸಿದಳು. ಹಲಗೆ ಮಗುಚಿ ಆ ಗುಂಡನೆಯ ಗುರುತು ತೋರಿಸಿದಳು.

ಮಾವ ಬಹಳ ಹೊತ್ತು ನೋಡಿದರು. ಕುರ್ಚಿ ಎಳೆದುಕೊಂಡು ಕೂತರು.

"ಡಬ್ಬದಲ್ಲಿ ಒಂಬತ್ತು ತೂತಿತ್ತಮ್ಮ. ಪೊಟ್ಟಣದಲ್ಲಿ ಒಂಬತ್ತು ಗೂಟ ಇತ್ತು. ಹಾಕಿದೆ. ಹುಡುಗಿ ಕಾಲೇಜಿಗೆ ಹೋಗಿದ್ಲು, ಬರೋದ್ರೊಳಗೆ ತಯಾರಿ ಮಾಡಿಡೋಣ ಅಂತ."

"ಗೊತ್ತಾಗ್ಲಿಲ್ಲ ಮಾವ, ಅಷ್ಟೆ."

"ಮಗ್ಗದಲ್ಲಿ ಒಂದು ತೂತು ಖಾಲಿ ಬಿಟ್ರೆ ಅದು ಒದರಿ ಒದರಿ ಮೂರು ದಿನಕ್ಕೆ ಮುರೀತಿತ್ತು. ಮೂವತ್ತೊಂದು ವರ್ಷ ನಾನು ಒಂದು ತೂತು ಖಾಲಿ ಬಿಟ್ಟೋನಲ್ಲ." ಒಂಟಿ ಗೂಟ ಮುಟ್ಟಿ, "ಇಲ್ಲಿ ಬಿಡಬೇಕಿತ್ತಾ?"

"ಇಲ್ಲಿ ಬಿಡಬೇಕಿತ್ತು ಅನ್ಸುತ್ತೆ."

"ಎಂಥಾ ಯಂತ್ರವೋ." ಅವರು ಮಂಚದ ಕೆಳಗಿಂದ ಪೆಟ್ಟಿಗೆ ಎಳೆದರು. ಸ್ಪ್ಯಾನರು ಹಿಡಿದ ಕೈ ನಿಜಕ್ಕೂ ನಡುಗುತ್ತಿತ್ತು, ಆದರೆ ಗೂಟಕ್ಕೆ ಕಚ್ಚಿಕೊಂಡ ಮೇಲೆ ನಿಂತಿತು. ಅರ್ಧ ತಿರುವಿಗೇ ಬಿಚ್ಚಿ ಬಂತು. "ನಿನ್ನ ಗಂಡನಿಗೆ ಹೇಳ್ತೀಯಾ?"

"ಮೆಣಸಿಗೆ ಹೇಳಲೇಬೇಕು ಮಾವ. ಬೈಸಿಕೊಂಡಿದ್ದು ಅವಳು."

"ಅವಳಿಗೆ ನಾನು ಹೇಳ್ತೀನಿ. ಅವನಿಗೆ..." ಎಂದು ಗೂಟವನ್ನು ಪೆಟ್ಟಿಗೆಗೆ ಹಾಕಿದರು.

ನಾಲ್ಕು ಗಂಟೆಗೆ ಮೆಣಸು ಬಂದಳು. ಕಸೂತಿಯಕ್ಕ ಬೇಕಂತಲೇ ಅಡಿಗೆಮನೆ ಸೇರಿ ಪಾತ್ರೆ ತೊಳೆದಳು, ನಲ್ಲಿ ಸಣ್ಣಗೆ ಬಿಟ್ಟುಕೊಂಡು. ಮಾವನ ಗೊಣಗು ಕೇಳಿಸಿತು. ಆಮೇಲೆ ಮೆಣಸಿನ ಕೂಗು.

"ಒಂದು ವಾರ ತಾತ! ಇಡೀ ಒಂದು ವಾರ ನಾನು ರ್‍ಯಾಮಿನ ಹಲ್ಲು ಉಜ್ಜಿದೆ!"

"ಉಜ್ಜಿದೆ, ಹೌದು."

"ಒಂದು ಗೂಟ!"

"ಒಂದೇ."

"ನಾನಾದ್ರೂ ನೋಡಬೇಕಿತ್ತು. ನೀನು ಹಾಕಿದ್ದಲ್ವಾ, ಸರಿಯಾಗೇ ಇರುತ್ತೆ ಅಂತ ಎಣಿಸಲೇ ಇಲ್ಲ." ಕುರ್ಚಿ ಎಳೆದ ಸದ್ದು. "ಕೈ ನಡುಗುತ್ತೆ ಅಂದೆನಲ್ಲ, ಅದಕ್ಕೆ ಏನೂ ಅಂದ್ಕೋಬೇಡ."

"ನಡುಗೋದು ನಿಜ ಅಂತ ನಿಮ್ಮಮ್ಮನಿಗೆ ಹೇಳಿದ್ದೀನಿ. ಬಾ, ಟಾರ್ಚ್ ಹಿಡಿ."

ಎಂಟು ಗೂಟ, ಎಂಟು ಸ್ಕ್ರೂ. ಡಬ್ಬದ ಬಾಗಿಲು ಮುಚ್ಚಿ ನಿಲ್ಲಿಸಿದರು. ಗುಂಡಿ ಒತ್ತಿದರು. ಫ್ಯಾನು ತಿರುಗಿತು, ತಿರುಗಿತು, ತಿರುಗುತ್ತಲೇ ಹೋಯಿತು. ಮೂವರೂ ಟಕ್ ಬರಬಹುದು ಅಂತ ಐದು ನಿಮಿಷ ಹಾಗೇ ನಿಂತಿದ್ದರು. ಬರಲಿಲ್ಲ. ಬರದೇ ಇದ್ದದ್ದೇ ಸ್ವಲ್ಪ ಕಸಿವಿಸಿಯಾಯಿತು.

ಸಂಜೆ ಏಳಕ್ಕೆ ಊಟ. ಅವತ್ತು ಬೇಕರಿಯಿಂದ ಸಂಜೆಗೆ ಬಂದಿದ್ದ ಗಂಡ ತಟ್ಟೆ ಎತ್ತಿಕೊಂಡು ಎಂದಿನಂತೆ ಮೆಟ್ಟಿಲ ಕಡೆ ಹೊರಟವನು ಮೇಜು ನೋಡಿ ನಿಂತ. ಮೇಜು ಖಾಲಿ. ಡಬ್ಬ ಮೂಲೆಯಲ್ಲಿ, ಪರದೆ ಇಟ್ಟ ಸ್ಟೂಲಿನ ಪಕ್ಕ ನಿಂತು ಸುಯ್‌ಗುಡುತ್ತಿತ್ತು, ಹೆಂಡತಿ ಅದರ ಮುಂದೆ ಹತ್ತನೆಯ ಬ್ಯಾಡ್ಜಿನ ಮೇಲೆ ಬಗ್ಗಿದ್ದಳು.

"ಅರೆ! ಏನಾಗಿತ್ತು ಇದಕ್ಕೆ?"

ಮಾವ ಬ್ರೆಡ್ಡಿನ ಅಂಚು ಮುರಿದರು. ಕಸೂತಿಯಕ್ಕ ಪರದೆ ಬಿಟ್ಟು ತಿರುಗಲಿಲ್ಲ, ಕೈ ಮಾತ್ರ ಮೌಸಿನ ಮೇಲೆ ನಿಂತಿತು.

"ನನ್ನದೇ ತಪ್ಪು ಅಪ್ಪ," ಎಂದಳು ಮೆಣಸು. "ಒಂದು ಗೂಟ ಜಾಸ್ತಿ ಹಾಕಿಬಿಟ್ಟಿದ್ದೆ. ಸ್ಕ್ರೂ ಬಿಗಿದ್ರೆ ಅದು ಹಿಂದಿನಿಂದ ತಾಗಿ ಶಾರ್ಟ್ ಆಗ್ತಿತ್ತು."

ಗಂಡ ಕೂತ. ಇಂಥ ದಿನ ಅವನಿಗೆ ಮತ್ತೆ ಸಿಗುತ್ತಾ?

"ನಾನು ಹೇಳಿರಲಿಲ್ವಾ? ಹೇಳಿರಲಿಲ್ವಾ? ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕೋದು, ಎಣಿಸೋದಿಲ್ಲ, ಗುಣಿಸೋದಿಲ್ಲ. ನಿಮ್ಮ ತಾತನ್ನ ನೋಡಿ ಕಲಿಯೇ. ಮೂವತ್ತೊಂದು ವರ್ಷ! ಒಂದು ಸ್ಕ್ರೂ ಆ ಕಡೆ ಈ ಕಡೆ ಹೋದೋರಲ್ಲ. ಗಿರಣಿ ಮುಚ್ಚಿದ ಮೇಲೂ ಮನೆಗೆ ಬಂದು ಕರ್ಕೊಂಡು ಹೋಗ್ತಿದ್ರು ಬೇರೆ ಗಿರಣಿಯೋರು, ಗೊತ್ತಾ ನಿನಗೆ? ನಾನು ಚಿಕ್ಕವನಿದ್ದಾಗ ಅವರ ಹಿಂದೆ ಪೆಟ್ಟಿಗೆ ಹೊತ್ಕೊಂಡು ಹೋಗೋಕೆ ಎಷ್ಟು ಹೆಮ್ಮೆ ನನಗೆ. ಅವರ ಕಣ್ಣು ತಪ್ಪಿಸಿ ಹಾಕಿರ್ತೀಯ ನೀನು. ಅವರು ಕಂಡಿದ್ರೆ ಬಿಡ್ತಿದ್ರಾ?"

ಮಾವ ಅಗಿಯುವುದನ್ನು ನಿಲ್ಲಿಸಿದ್ದರು. ಮಗನ ಬಾಯಿಂದ ಈ ಮಾತು ಅವರು ಯಾವತ್ತೂ ಕೇಳಿರಲಿಲ್ಲ. ತಾವು ರಿಪೇರಿ ಮಾಡಿದ ಇಸ್ತ್ರಿಪೆಟ್ಟಿಗೆ ಸುಟ್ಟಾಗ ಬೈದದ್ದು ಗೊತ್ತು, ಗೋಡೆ ಗಡಿಯಾರ ಹಿಂದಕ್ಕೆ ಓಡಿದಾಗ ನಕ್ಕದ್ದು ಗೊತ್ತು. ಅವರು ಇನ್ನೊಂದು ತುಂಡು ಬ್ರೆಡ್ ತಗೊಂಡರು. ಅರ್ಧ ತಿಂದು ತಟ್ಟೆಗಿಟ್ಟರು. ಕಸೂತಿಯಕ್ಕ ಪರದೆಯ ಗಾಜಿನಲ್ಲಿ ಅವರ ಮುಖ ನೋಡಿದಳು, ತಾನು ಮಾತಾಡಬೇಕೋ ಬಾರದೋ ತಿಳಿಯದೆ ಕೂತಳು.

"ಅವಳಲ್ಲ ಕಣೋ," ಎಂದರು ಮಾವ. "ನಾನು ಹಾಕಿದ್ದು."

"ಅಪ್ಪ, ನೀನು ಸುಮ್ನಿರು. ಅವಳನ್ನ ವಹಿಸ್ಕೊಂಡು ಬರಬೇಡ."

"ಯಾರು ವಹಿಸ್ಕೊಂಡು ಬಂದ್ರು? ಒಂಬತ್ತು ತೂತು, ಒಂಬತ್ತು ಗೂಟ. ನಾನೇ ಬಿಗಿದೆ."

"ತಾತ, ನಾನು ಹೇಳಿ ಆಯ್ತಲ್ಲ!" ಎಂದಳು ಮೆಣಸು.

"ನೀನು ಸುಳ್ಳು ಹೇಳಿ ಆಯ್ತು. ಈಗ ಸುಮ್ನೆ ಊಟ ಮಾಡು."

ಗಂಡ ಇಬ್ಬರನ್ನೂ ನೋಡಿದ. ಇಷ್ಟು ಹೊತ್ತು ಬೈದದ್ದು ಯಾರಿಗೆ, ಹೊಗಳಿದ್ದು ಯಾರನ್ನ, ಎರಡರಲ್ಲಿ ಯಾವುದನ್ನು ವಾಪಸು ತಗೊಳ್ಳಬೇಕು ಅಂತ ಅವನಿಗೇ ಗೊತ್ತಾಗಲಿಲ್ಲ. "ನೋಡೇ," ಎಂದ ಹೆಂಡತಿಗೆ, "ನೀನಾದ್ರೂ ಹೇಳು. ಯಾರು ಹಾಕಿದ್ದು?"

"ಮಾವ ಹಾಕಿದ್ದು. ಗೊತ್ತಾಗಿದ್ದು ನಿಮ್ಮ ಚಮಚದಿಂದ."

"ನನ್ನ ಚಮಚನಾ? ಅಂದ್ರೆ..." ಅವನ ಹುಬ್ಬು ಮೇಲೇರಿತು. "ಅಂದ್ರೆ ರಿಪೇರಿ ಮಾಡಿದ್ದು ನಾನಾ?"

ಮೆಣಸು ಮೊದಲು ನಕ್ಕಳು. ಮಾವ ಕೆಮ್ಮಿದರು, ಆ ಕೆಮ್ಮಿನೊಳಗೆ ನಗು ಇತ್ತೋ ಇಲ್ಲವೋ. ಗಂಡ ಮಾತ್ರ ಗಂಭೀರವಾಗಿ ಆಲೂಗಡ್ಡೆ ಬಡಿಸಿಕೊಂಡು, ಸ್ವಲ್ಪ ಹೊತ್ತಾದ ಮೇಲೆ ಅಪ್ಪನ ತಟ್ಟೆಗೂ ಬಡಿಸಿದ. "ಒಂದು ಗೂಟಕ್ಕೆ ಏನಪ್ಪ," ಎಂದ ತಟ್ಟೆ ನೋಡುತ್ತಾ. "ನಿನ್ನ ಮೂವತ್ತೊಂದು ವರ್ಷ ಇನ್ನೂ ಜಮಾ ಇದೆ."

"ಏನು ಲೆಕ್ಕವೋ ನಿಂದು," ಎಂದರು ಮಾವ. ಆದರೆ ಆಲೂಗಡ್ಡೆ ಪೂರ್ತಿ ತಿಂದರು.

ಮಂಗಳವಾರ ಹತ್ತೂ ಹನ್ನೊಂದೂ ಆದವು. ಬುಧವಾರ ಬೆಳಿಗ್ಗೆ ಹನ್ನೆರಡನೆಯದು, ಮಕ್ಕಳ ವಿಭಾಗದ್ದು. ಗೊಂಬೆಯ ಕಣ್ಣು ಎರಡೂ ಒಂದೇ ಕಡೆ ನೋಡುವ ಹಾಗೆ ಕೂರಿಸಲು ಮೂರು ಗಂಟೆ ಹಿಡಿಯಿತು. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು, ಮತ್ತೊಮ್ಮೆ ಹನ್ನೆರಡನ್ನೂ ತೆಗೆದು ನೋಡಿ, ಕಳಿಸಿದಳು. ನಾಲ್ಕು ಗಂಟೆಗೆ ಮೇಡಂ ಫೋನು.

"ಎಲ್ಲಾ ಹಾಕಿ ನೋಡಿದ್ವಿ. ಹೃದಯದ ಅಂಚಲ್ಲಿ ಒಂದು ಕ್ಷಣ ದಾರ ಸಿಕ್ಕಿಕೊಳ್ತು, ಅಷ್ಟು ಸರಿ ಮಾಡಿಬಿಡು. ಮಿಕ್ಕಿದ್ದು ಬೆಣ್ಣೆ ಹಾಗೆ ಹೋಯ್ತು."

"ಈಗಲೇ ಮಾಡ್ತೀನಿ ಮೇಡಂ."

"ಆ ಕಿಡ್ನಿ ಚೆನ್ನಾಗಿದೆ ಕಣೇ. ತುಂಬಿಕೊಂಡಿದೆ." ಆ ಕಡೆಯಿಂದ ಯಂತ್ರಗಳ ಗದ್ದಲ ಕೇಳಿಸುತ್ತಿತ್ತು, ಸಾಲು ಸಾಲು ಸೂಜಿಗಳು ಒಟ್ಟಿಗೆ ಕುಣಿಯುವ ಸದ್ದು. "ಮತ್ತೆ... ನಾಳೆಯಿಂದ ಹೊಸಬಳನ್ನ ನಿನ್ನ ಜಾಗಕ್ಕೆ ಹಾಕಿದ್ರೆ ಆಮೇಲೆ ವಾಪಸ್ ಕೊಡು ಅಂದ್ರೆ ಆಗಲ್ಲ. ಕಂಪ್ಯೂಟರ್ ಇವತ್ತು ನಡೆಯುತ್ತೆ, ನಾಳೆ ಕೈಕೊಟ್ರೆ? ಯೋಚನೆ ಮಾಡು. ನಿಧಾನವಾಗಿ ಹೇಳು."

ಕಸೂತಿಯಕ್ಕ ಡಬ್ಬದ ಕಡೆ ನೋಡಿದಳು. ಅದು ಇವತ್ತು ಯಾಕೆ ನಡೆಯುತ್ತೆ ಅಂತ ಅವಳಿಗೆ ಗೊತ್ತಿತ್ತು. ನಾಳೆ ಯಾಕೆ ನಿಲ್ಲಬಹುದು ಅಂತ ಗೊತ್ತಿರಲಿಲ್ಲ. ಅದನ್ನು ಹೇಳಬಲ್ಲವರು ಮನೆಯಲ್ಲಿ ಯಾರೂ ಇರಲಿಲ್ಲ, ಅಂಗಡಿಯಲ್ಲೂ ಇರಲಿಲ್ಲ. ಕುರ್ಚಿಯ ಮೇಲೆ ಕಾಲು ಮಡಚಿ ಹಾಕಿಕೊಂಡಳು.

"ಕೊಟ್ಬಿಡಿ ಮೇಡಂ, ಆ ಹುಡುಗಿಗೆ," ಎಂದಳು. "ನಿಲ್ಲೋಕೆ ಒಳ್ಳೇ ಚಪ್ಪಲಿ ಹಾಕ್ಕೊಂಡು ಬರೋಕೆ ಹೇಳಿ."